ಪಿಟ್ಸ್‌ಬರ್ಗಿನ ಕೋಷರ್ ಉಗ್ರಾಣದಲ್ಲಿ

ಪಿಟ್ಸ್‌ಬರ್ಗ್ ಅಮೆರಿಕದ ಲೆಕ್ಕದಲ್ಲಿ ದೊಡ್ಡ ನಗರವಲ್ಲ. ಜನಸಂಖ್ಯೆ ಮೂರು ಲಕ್ಷದ ಆಸುಪಾಸು. ಸುತ್ತಲಿನ ಊರುಗಳನ್ನೂ ಸೇರಿಸಿಕೊಂಡರೆ ಯಹೂದಿಗಳು ಸುಮಾರು 50,000; ಅವರಲ್ಲಿ ಕಾಲು ಭಾಗದಷ್ಟು ಜನ ಸ್ಕ್ವಿರಲ್ ಹಿಲ್ ಬಡಾವಣೆಯಲ್ಲೇ ಇದ್ದಾರೆ. ಗಂಡನ ಕೆಲಸದ ಮೇಲೆ ಇಲ್ಲಿಗೆ ಬಂದಾಗ ನನ್ನದು ಎಚ್-4 ವೀಸಾ. ಸಂಬಳದ ಕೆಲಸ ಮಾಡುವಂತಿರಲಿಲ್ಲ, ಸ್ವಯಂಸೇವೆಗೆ ಅಡ್ಡಿಯಿರಲಿಲ್ಲ. ಮನೆಗೆ ಹತ್ತಿರವಿದೆ ಎಂಬ ಒಂದೇ ಕಾರಣಕ್ಕೆ ಸ್ಕ್ವಿರಲ್ ಹಿಲ್ ಫುಡ್ ಪ್ಯಾಂಟ್ರಿಯ ಬಾಗಿಲು ತಟ್ಟಿದೆ. 'ಜ್ಯೂಯಿಶ್ ಫ್ಯಾಮಿಲಿ ಅಂಡ್ ಕಮ್ಯುನಿಟಿ ಸರ್ವಿಸಸ್' ಎಂಬ ಸಂಸ್ಥೆ ನಡೆಸುವ ಉಚಿತ ದಿನಸಿ ಉಗ್ರಾಣವದು. ಒಳಗಿನ ವಸ್ತುಗಳೆಲ್ಲ ಯಹೂದಿ ಆಹಾರ ನಿಯಮಕ್ಕೆ ಒಪ್ಪುವಂಥವು, ಅಂದರೆ ಕೋಷರ್. ಪಡೆಯಲು ಬರುವವರು ಮಾತ್ರ ಎಲ್ಲ ಮತದವರು.

ನನ್ನ ಮೊದಲ ಕೆಲಸ ಡಬ್ಬಿ ನೋಡುವುದು. ದಾನವಾಗಿ ಬಂದ ಪ್ರತಿಯೊಂದು ಡಬ್ಬಿಯನ್ನೂ ತಿರುಗಿಸಿ ಪ್ರಮಾಣದ ಮುದ್ರೆ ಹುಡುಕಬೇಕು. ಹೆಚ್ಚಾಗಿ ಕಾಣುವುದು ವೃತ್ತದೊಳಗೆ 'ಯು' ಅಕ್ಷರವಿರುವ ಮುದ್ರೆ. ಅದರ ಪಕ್ಕದಲ್ಲಿ 'ಡಿ' ಇದ್ದರೆ ಹಾಲಿನ ಬಗೆಗೆ ಸೇರಿದ್ದು. ಹಾಲೂ ಅಲ್ಲದ, ಮಾಂಸವೂ ಅಲ್ಲದ ಬಗೆಗೆ ಪಾರೆವ್ ಎನ್ನುತ್ತಾರೆ. ಸಸ್ಯಾಹಾರಿಗಳು ಇಲ್ಲಿ ಹುಷಾರಾಗಿರಬೇಕು: ಮೀನು, ಮೊಟ್ಟೆ ಕೂಡ ಪಾರೆವ್ ಲೆಕ್ಕಕ್ಕೇ ಬರುತ್ತವೆ. ಇಡೀ ಹಣ್ಣು, ತರಕಾರಿ, ಒಣ ಬೇಳೆಗಳಿಗೆ ಮುದ್ರೆ ಬೇಕಿಲ್ಲ. ಮುದ್ರೆಯಿಲ್ಲದ ಸೂಪಿನ ಡಬ್ಬಿಗಳನ್ನು ಬೇರೆ ಪೆಟ್ಟಿಗೆಗೆ ಹಾಕುತ್ತೇವೆ, ಅವು ಮತ್ತೊಂದು ಉಗ್ರಾಣಕ್ಕೆ ಹೋಗುತ್ತವೆ. ಮಡಿ ಮೈಲಿಗೆಯ ಅಡುಗೆಮನೆಯಲ್ಲಿ ಬೆಳೆದ ನನಗೆ ಈ ಕಟ್ಟುನಿಟ್ಟು ಹೊಸದೆನಿಸಲಿಲ್ಲ.

2008ರ ನಂತರ ಭೂತಾನಿನ ನೇಪಾಳಿ ಭಾಷಿಕ ನಿರಾಶ್ರಿತರು ಸಾವಿರಾರು ಸಂಖ್ಯೆಯಲ್ಲಿ ಈ ಊರಿಗೆ ಬಂದರು. ಅವರಲ್ಲಿ ಹಿರಿಯರಾದ ಒಬ್ಬ ಅಜ್ಜಿ ಒಂದು ಡಬ್ಬಿಯನ್ನು ಎದೆಗೆ ಹತ್ತಿರ ಹಿಡಿದುಕೊಂಡು, ಇದರಲ್ಲಿ ದನದ ಮಾಂಸ ಇದೆಯೇ ಎಂದು ಮುರುಕು ಹಿಂದಿಯಲ್ಲಿ ಕೇಳಿದರು. ಕೋಷರ್ ಎಂದರೆ ದನದ ಮಾಂಸವಿಲ್ಲ ಎಂದರ್ಥವಲ್ಲ. ಹಂದಿ ಇಲ್ಲ ಎಂದಷ್ಟೇ ಖಚಿತವಾಗಿ ಹೇಳಬಹುದು. ಆದರೆ ಹಾಲು ಮತ್ತು ಮಾಂಸವನ್ನು ಬೆರೆಸಬಾರದು ಎಂಬ ನಿಯಮವಿದೆಯಲ್ಲ, ಅದು ನೆರವಿಗೆ ಬಂತು. 'ಡಿ' ಗುರುತನ್ನು ಬೆರಳಿಟ್ಟು ತೋರಿಸಿದೆ. ಈ ಅಕ್ಷರ ಇದ್ದಲ್ಲಿ ಮಾಂಸ ಇರುವುದಿಲ್ಲ, ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯುವ ಜೆಲಾಟಿನ್ ಇದೆಯೇ ಎಂದು ಮಾತ್ರ ಮೊಮ್ಮಗಳ ಕೈಯಲ್ಲಿ ಓದಿಸಿಕೊಳ್ಳಿ ಎಂದೆ. ಮುಂದಿನ ಸಲ ಬಂದಾಗ ಅಜ್ಜಿ ತಾವೇ ಡಬ್ಬಿಗಳನ್ನು ತಿರುಗಿಸಿ ನೋಡಿ ಆರಿಸಿಕೊಳ್ಳುತ್ತಿದ್ದರು. ಜೊತೆಗೆ ಬಂದಿದ್ದ ಇನ್ನೊಬ್ಬರಿಗೂ ಕಲಿಸುತ್ತಿದ್ದರು.

ಆರಿಸಿಕೊಳ್ಳುವುದು ಎಂಬ ಈ ವ್ಯವಸ್ಥೆಯೇ ನನ್ನನ್ನು ಇಲ್ಲಿ ಹಿಡಿದಿಟ್ಟಿದೆ. ಕಟ್ಟಿಟ್ಟ ಚೀಲ ಕೈಗಿಟ್ಟು ಕಳಿಸುವುದಿಲ್ಲ. ಅಂಗಡಿಯಲ್ಲಿ ನಡೆದಾಡುವಂತೆ ಕಪಾಟುಗಳ ನಡುವೆ ನಡೆದು ಬೇಕಾದ್ದನ್ನು ತೆಗೆದುಕೊಳ್ಳುತ್ತಾರೆ. ಸರ್ಕಾರದ ದಿನಸಿಗೆ ಪೆನ್ಸಿಲ್ವೇನಿಯಾದಲ್ಲಿ ಆದಾಯದ ಬಗ್ಗೆ ಸ್ವಯಂ ಘೋಷಣೆಗೆ ಸಹಿ ಹಾಕಿದರೆ ಸಾಕು, ಸಂಬಳದ ಚೀಟಿ ತೋರಿಸಬೇಕಿಲ್ಲ. ಸ್ವಯಂಸೇವಕರು ಯಾರ ಬುಟ್ಟಿಯ ಬಗ್ಗೆಯೂ ಮಾತಾಡಬಾರದು. ಯಾರಾದರೂ ಚಾಕೊಲೇಟ್ ತೆಗೆದುಕೊಂಡರೆ ನಮ್ಮ ಹುಬ್ಬು ಮೇಲೇರಬಾರದು. ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ ಎಂಬ ಭಾವನೆ ನಮ್ಮಲ್ಲಿ ಎಷ್ಟು ಆಳವಾಗಿ ಕೂತಿದೆ ಎಂಬುದು ನನಗೆ ಅರಿವಾದದ್ದು ಆ ಕಪಾಟುಗಳ ಮುಂದೆ ನಿಂತಾಗಲೇ.

ಇದೇ ಮನೋಭಾವ ಈ ಸಮುದಾಯದ ಇತರ ಸಂಸ್ಥೆಗಳಲ್ಲೂ ಕಾಣುತ್ತದೆ. 'ಹೀಬ್ರೂ ಫ್ರೀ ಲೋನ್ ಅಸೋಸಿಯೇಷನ್' 1887ರಿಂದ ಬಡ್ಡಿಯಿಲ್ಲದ ಸಾಲ ಕೊಡುತ್ತಾ ಬಂದಿದೆ, ಅದೂ ಮತ ಕೇಳದೆ. ದಾನದಲ್ಲಿ ಎಂಟು ಮೆಟ್ಟಿಲುಗಳನ್ನು ಹೇಳಿದ ಹನ್ನೆರಡನೆಯ ಶತಮಾನದ ಧರ್ಮಪಂಡಿತ ಮೈಮೊನಿಡೀಸ್ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಇಟ್ಟದ್ದು ಸಾಲ, ಪಾಲುದಾರಿಕೆ, ಉದ್ಯೋಗವನ್ನು: ಮನುಷ್ಯ ಮತ್ತೆ ಕೈಯೊಡ್ಡಬೇಕಾಗದಂತೆ ಮಾಡುವ ನೆರವನ್ನು. ಉಗ್ರಾಣದಲ್ಲಿ ಪರಿಚಯವಾದ ಒಬ್ಬ ತಾಯಿಗೆ ಕಾರು ಕೆಟ್ಟು ಕೆಲಸವೇ ಹೋಗುವ ಹಾಗಾಗಿತ್ತು. ಆಕೆಯ ಜೊತೆ ಕೂತು ಸಾಲದ ಅರ್ಜಿ ತುಂಬಿದೆ. ಕಷ್ಟವಾದದ್ದು ಜಾಮೀನು ನಿಲ್ಲುವವರನ್ನು ಹುಡುಕುವುದು. ಅವಳ ಚರ್ಚಿನವರೊಬ್ಬರು ಮುಂದೆ ಬಂದರು.

ಇದೇ ಊರಿನ ಮಾಂಟೆಫಿಯೋರ್ ಆಸ್ಪತ್ರೆಯ ಕತೆಯೂ ಹೇಳಬೇಕಾದದ್ದೇ. ಯಹೂದಿ ವೈದ್ಯರಿಗೆ ಬೇರೆ ಆಸ್ಪತ್ರೆಗಳಲ್ಲಿ ಜಾಗ ಸಿಗದಿದ್ದ ಕಾಲದಲ್ಲಿ ಹೆಂಗಸರ ಸಂಘವೊಂದು ಹಣ ಕೂಡಿಸಿ 1908ರಲ್ಲಿ ಅದನ್ನು ತೆರೆಯಿತು. 1990ರಲ್ಲಿ ಆಸ್ಪತ್ರೆ ಮಾರಾಟವಾದಾಗ ಬಂದ ಹಣದಿಂದ 'ಜ್ಯೂಯಿಶ್ ಹೆಲ್ತ್‌ಕೇರ್ ಫೌಂಡೇಷನ್' ಹುಟ್ಟಿತು. ಇಡೀ ಪ್ರದೇಶದ ಆರೋಗ್ಯಕ್ಕಾಗಿ ಅದು ಇಂದಿಗೂ ದುಡಿಯುತ್ತಿದೆ.

2018ರ ಅಕ್ಟೋಬರ್ 27ರ ಶನಿವಾರ ಬೆಳಿಗ್ಗೆ ಸ್ಕ್ವಿರಲ್ ಹಿಲ್‌ನ ಟ್ರೀ ಆಫ್ ಲೈಫ್ ಸಿನಗಾಗ್‌ನ, ಅಂದರೆ ಯಹೂದಿ ಪ್ರಾರ್ಥನಾ ಮಂದಿರದ, ಕಟ್ಟಡದಲ್ಲಿ 11 ಜನ ಗುಂಡಿಗೆ ಬಲಿಯಾದರು. ಮೂರು ಬೇರೆ ಬೇರೆ ಭಕ್ತ ಸಮುದಾಯಗಳು ಅಲ್ಲಿ ಪ್ರಾರ್ಥನೆಗೆ ಸೇರುತ್ತಿದ್ದವು. ನಿರಾಶ್ರಿತರಿಗೆ ನೆರವಾಗುವ ಯಹೂದಿ ಸಂಸ್ಥೆಯ ಮೇಲಿನ ದ್ವೇಷವೂ ಆ ಕೊಲೆಗಾರನನ್ನು ಕೆರಳಿಸಿತ್ತು. ಅಜ್ಜಿಯಂಥವರನ್ನು ಸ್ವಾಗತಿಸಿದ್ದಕ್ಕೆ ಇಷ್ಟು ಬೆಲೆ ತೆರಬೇಕಾಯಿತೇ ಎಂದು ಈಗಲೂ ಸಂಕಟವಾಗುತ್ತದೆ. ಆದರೂ ನಿರಾಶ್ರಿತರಿಗೆ ನೆರವಾಗುವ ಕೆಲಸವನ್ನು ಇಲ್ಲಿನ ಯಹೂದಿಗಳು ನಿಲ್ಲಿಸಲಿಲ್ಲ. ಮಡಿದವರ ಕುಟುಂಬಗಳಿಗಾಗಿ ಮುಸ್ಲಿಂ ಸಂಘಟನೆಗಳು ಎರಡು ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿಸಿಕೊಟ್ಟವು.

ಸೇರಬೇಕೆಂದು ಕೇಳುವ ಕನ್ನಡದ ಗೆಳತಿಯರಿಗೆ ಒಂದೆರಡು ವ್ಯಾವಹಾರಿಕ ಮಾತು. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗೆ ಸಬ್ಬತ್, ಯಹೂದಿಗಳ ವಾರದ ವಿಶ್ರಾಂತಿ ದಿನ. ಆ ಹೊತ್ತಿಗೆ ಕೆಲಸ ಕೇಳಬೇಡಿ. ಯಹೂದಿ ಹಬ್ಬಗಳ ಪಟ್ಟಿಯನ್ನು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಮನೆಯಲ್ಲಿ ಮಾಡಿದ ಚಕ್ಕುಲಿ, ಪುಳಿಯೋಗರೆ ಗೊಜ್ಜು ಎಷ್ಟೇ ರುಚಿಯಾಗಿದ್ದರೂ ಉಗ್ರಾಣಕ್ಕೆ ಬೇಡ. ಒಡೆಯದ ಪೊಟ್ಟಣ ಮಾತ್ರ ನಡೆಯುತ್ತದೆ. ಯುಗಾದಿಗೆ ನಾವು ಕೆಲವರು ಸೇರಿ ಅಕ್ಕಿ, ತೊಗರಿಬೇಳೆ, ಹೆಸರುಬೇಳೆ ಕೂಡಿಸುತ್ತೇವೆ. ಯಹೂದಿಗಳ ಪಾಸೋವರ್ ಹಬ್ಬವೂ ಅದೇ ಋತುವಿನಲ್ಲಿ ಬರುತ್ತದೆ. ಅವರಲ್ಲಿ ಯುರೋಪ್ ಮೂಲದ ಅನೇಕರು ಆ ಎಂಟು ದಿನ ಅಕ್ಕಿ, ಬೇಳೆ ಮುಟ್ಟುವುದಿಲ್ಲ, ಏಕಾದಶಿಗೆ ನನ್ನ ಅತ್ತೆ ಮುಟ್ಟದಿದ್ದ ಹಾಗೆ. ಆದ್ದರಿಂದ ಮೂಟೆಗಳನ್ನು ನಮ್ಮ ಗ್ಯಾರೇಜಿನಲ್ಲೇ ಇರಿಸಿಕೊಂಡು, ಅವರ ಹಬ್ಬ ಮುಗಿದ ಮೇಲೆ ಉಗ್ರಾಣದವರನ್ನು ಕೇಳಿ ಕೊಂಡೊಯ್ಯುತ್ತೇವೆ.