ರವೆ, ರಾಗಿಹಿಟ್ಟಲ್ಲಿ ಬಲೆ ಕಟ್ಟೋ ಹುಳ ಕೊನೆಗೂ ಹೋಗಿದ್ದು ಹೀಗೆ

ರವೆ, ರಾಗಿಹಿಟ್ಟು ಬಲೆ ಸುತ್ಕೊಂಡು ಗಂಟುಗಂಟಾಗೋದು, ಸಂಜೆ ಅಡುಗೆಮನೇಲಿ ಬೂದು ಬಣ್ಣದ ಸಣ್ಣ ಪತಂಗ ಹಾರೋದು. ಇದು ಅಕ್ಕಿ ಪತಂಗ. ಬೇವಿನಸೊಪ್ಪು, ಲವಂಗ, ಒಣಮೆಣಸಿನಕಾಯಿ ಯಾವ್ದೂ ಕೆಲ್ಸ ಮಾಡ್ಲಿಲ್ಲ. ಜರಡಿ ಹಿಡಿದ್ರೆ ಹುಳ ಸಿಗುತ್ತೆ, ಮೊಟ್ಟೆ ರವೆ ಜೊತೆನೇ ಇಳಿದುಬಿಡುತ್ತೆ. ಬಿಸಿಲಿಗೆ ಹಾಕೋಣ ಅಂದ್ರೆ ಚಿಕ್ಕಮಗಳೂರಲ್ಲಿ ಮಳೆ ಹಿಡಿದ್ಮೇಲೆ ಬಿಸಿಲೆಲ್ಲಿ. ಪತಂಗ ಹೊಡೆದು ಸುಮ್ನಾದ್ರೂ ಆಗಲ್ಲ, ತಿನ್ನೋದೆಲ್ಲಾ ಮರಿಹುಳ.

ಕೆಲ್ಸ ಮಾಡಿದ್ದು ಫ್ರೀಜರ್, ಆದ್ರೆ ಕ್ರಮ ಮುಖ್ಯ. ಮೊದ್ಲು ಶೆಲ್ಫ್ ಪೂರ್ತಿ ಖಾಲಿ ಮಾಡಿ. ಬೆಳೆದ ಹುಳ ಹಿಟ್ಟು ಬಿಟ್ಟು ಹೊರಗೆ ಬಂದು ಹಲಗೆ ಸಂದಿ, ಮೊಳೆ ತೂತು, ಡಬ್ಬಿ ಮುಚ್ಚಳದ ಅಂಚಲ್ಲೂ ಬಿಳಿ ಗೂಡು ಕಟ್ಟುತ್ತೆ, ಅದನ್ನ ಹಳೇ ಟೂತ್‌ಬ್ರಷ್‌ನಲ್ಲಿ ಕೆರೆದು ಸೋಪ್‌ನೀರಲ್ಲಿ ಒರೆಸಿ ಚೆನ್ನಾಗಿ ಒಣಗ್ಸಿ. ಬಲೆ ಕಟ್ಟಿರೋದು ಎಸೀರಿ. ಚೆನ್ನಾಗಿ ಕಾಣೋದನ್ನೂ ಬಿಡ್ಬೇಡಿ, ಅರ್ಧರ್ಧ ಕೆಜಿ ಜಿಪ್ ಕವರ್‌ಗೆ ತುಂಬಿ ಚಪ್ಪಟೆ ಮಾಡಿ (ದಪ್ಪ ಇದ್ರೆ ನಡುವೆ ಬೇಗ ತಣ್ಣಗಾಗಲ್ಲ) ಮೈನಸ್ 18 ಡಿಗ್ರೀಲಿ 7 ದಿನ ಇಡಿ. ತೆಗೆದ್ಮೇಲೆ ರಾತ್ರಿಯಿಡೀ ಕವರ್ ಬಿಚ್ಚದೇ ಹೊರಗಿಡಿ, ತಣ್ಣಗಿದ್ದಾಗ್ಲೇ ಬಿಚ್ಚಿದ್ರೆ ತೇವ ಕೂತು ಬೂಷ್ಟು ಬರುತ್ತೆ. ಆಮೇಲೆ ರಬ್ಬರ್ ವಾಷರ್ ಇರೋ ಗಾಜಿನ ಡಬ್ಬಿಗೆ. ಅಂಗಡಿಯಿಂದ ತಂದ ಹೊಸ ಪ್ಯಾಕೆಟ್ಟೂ ಮೊದ್ಲು ಫ್ರೀಜರ್‌ಗೇ, ಎಷ್ಟೋ ಸಲ ಮೊಟ್ಟೆ ಬರೋದೇ ಅದ್ರಲ್ಲಿ.