ಕ್ರಿಸ್‌ಮಸ್ಸನ್ನು 25ನೇ ತಾರೀಖಿಗೆ ಬಿಡಬೇಡಿ: ಇಬ್ಬರು ಪುಟ್ಟ ಮಕ್ಕಳ ಜೊತೆ ನಮ್ಮ ಡಿಸೆಂಬರ್

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕ್ರಿಸ್‌ಮಸ್ ಅಂದರೆ 25ನೇ ತಾರೀಖು ಅಂದುಕೊಂಡರೆ ಕೆಟ್ಟಿರಿ ಅಂತಲೇ ಲೆಕ್ಕ. ಹಿಂದಿನ ರಾತ್ರಿ ನಿದ್ದೆ ಇರುವುದಿಲ್ಲ. ಬೆಳಿಗ್ಗೆಯಿಂದ ನೆಂಟರು, ಮೈಗೆ ಚುಚ್ಚುವ ಹೊಸ ಬಟ್ಟೆ, ಕೈಗೊಬ್ಬರು ಕೊಡುವ ಕೇಕು, ಕಂಡವರೆಲ್ಲ ಎತ್ತಿ ಮುದ್ದಾಡುವವರೇ, ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಮಗು ನೆಲಕ್ಕೆ ಬಿದ್ದು ಕಿರುಚುತ್ತಿರುತ್ತದೆ. ನಮ್ಮ ದೊಡ್ಡವಳಿಗೆ ಏಳು ವರ್ಷ, ಚಿಕ್ಕವನಿಗೆ ಮೂರು. ನಾವು ಮಾಡಿದ್ದು ಇಷ್ಟೇ. ಹಬ್ಬವನ್ನು ಡಿಸೆಂಬರ್ ತುಂಬ ಹರಡಿದೆವು, ಆಮೇಲೆ ಜನವರಿ 6ರವರೆಗೆ ಎಳೆದೆವು. ಮಕ್ಕಳಿಗೆ ಆಟದ ಕೆಲಸ ಕೊಡದೆ ನಿಜವಾದ ಕೆಲಸ ಕೊಟ್ಟೆವು.

ಚರ್ಚಿನ ಲೆಕ್ಕವೂ ಹೀಗೇ ಇದೆ ಅಲ್ವಾ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ಆಗಮನ ಕಾಲ. ಹಸಿರು ಸೊಪ್ಪಿನ ಬಳೆಯ ಮೇಲೆ ನಾಲ್ಕು ಮೇಣದಬತ್ತಿ ಇಡುತ್ತೇವೆ, ಮೂರು ನೇರಳೆ, ಒಂದು ಗುಲಾಬಿ. ವಾರಕ್ಕೊಂದು ಜಾಸ್ತಿ ಹಚ್ಚಬೇಕು, ಗುಲಾಬಿಯದು ಮೂರನೇ ಭಾನುವಾರದ ಸರದಿ. ಕ್ಯಾಲೆಂಡರ್ ಓದಲು ಬಾರದ ಮಗುವಿಗೂ ಹಬ್ಬ ಎಷ್ಟು ದೂರ ಇದೆ ಅಂತ ಇದರಿಂದ ಗೊತ್ತಾಗುತ್ತದೆ. ಹಚ್ಚುವುದು ನಾವು, ಊದಿ ಆರಿಸುವುದು ಅವರು.

ಇನ್ನು ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆಗಳಲ್ಲಿ ಜೋಡಿಸುವುದು. ನನ್ನನ್ನು ಕೇಳಿದರೆ ಮರಕ್ಕಿಂತ ಗೋದಲಿಯೇ ಮಕ್ಕಳಿಗೆ ಒಳ್ಳೆಯದು. ಮರವನ್ನು ಒಂದು ಸಲ ಸಿಂಗರಿಸಿದರೆ ಮುಗಿಯಿತು, ಆಮೇಲೆ ದಿನವಿಡೀ 'ಮುಟ್ಟಬೇಡ, ಎಳೆಯಬೇಡ' ಅನ್ನುವುದೇ ಕೆಲಸ. ಗೋದಲಿಯಲ್ಲಿ ದಿನಾ ಏನಾದರೂ ನಡೆಯುತ್ತಿರುತ್ತದೆ. ನಮ್ಮಮ್ಮ ಕನಕಪುರದ ಹತ್ತಿರದ ಹಾರೋಬೆಲೆ ಕಡೆಯವರು. ಗೋದಲಿಯ ಸುತ್ತ ಹೊಲ ಬೇಕೆಂದರೆ ಅಮ್ಮನಿಗೆ ರಾಗಿ ಪೈರೇ ಆಗಬೇಕು. ಅಂಗಡಿಯ ಹಸಿರು ಪ್ಲಾಸ್ಟಿಕ್ ಹುಲ್ಲು ತಂದರೆ ಅದರ ಕಡೆ ತಿರುಗಿಯೂ ನೋಡುವುದಿಲ್ಲ.

ರಾಗಿ ಹಾಕುವುದು ನಮ್ಮ ಚಿಕ್ಕವನ ಕೆಲಸ. ಡಿಸೆಂಬರ್ ಎರಡನೇ ವಾರದಲ್ಲಿ ಶುರು ಮಾಡುತ್ತೇವೆ. ಒಂದು ಹಿಡಿ ರಾಗಿಯನ್ನು ರಾತ್ರಿ ನೆನೆಹಾಕಬೇಕು. ಬೆಳಿಗ್ಗೆ ನೀರು ಬಸಿದು, ಅಗಲವಾದ ತಟ್ಟೆಯಲ್ಲೋ ಸ್ವೀಟ್ ಡಬ್ಬದ ಮುಚ್ಚಳದಲ್ಲೋ ಎರಡು ಬೆರಳು ದಪ್ಪ ಮಣ್ಣು ಹರಡಿ, ಮೇಲೆ ರಾಗಿ ಚೆಲ್ಲಿ, ತೆಳ್ಳಗೆ ಮಣ್ಣು ಉದುರಿಸಬೇಕು. ಮೊಳಕೆ ಕಾಣುವ ತನಕ ಒದ್ದೆ ಬಟ್ಟೆ ಮುಚ್ಚಿಡಿ. ಆಮೇಲೆ ಬಿಸಿಲು ಬರುವ ಕಿಟಕಿ ಹತ್ತಿರ ಇಟ್ಟರಾಯಿತು. ಡಿಸೆಂಬರ್‌ನಲ್ಲಿ ನಮ್ಮ ಬೆಂಗಳೂರಿನ ರಾತ್ರಿ 15-16 ಡಿಗ್ರಿಗೆ ಇಳಿಯುತ್ತದೆ, ಹಾಗಾಗಿ ಬೇಸಿಗೆಯಷ್ಟು ಬೇಗ ಏಳುವುದಿಲ್ಲ. ಮೂರು ವರ್ಷದ ಮಗುವಿನ ಕೈಗೆ ಚೊಂಬು ಕೊಟ್ಟರೆ ತಟ್ಟೆ ಕೆರೆಯಾಗುತ್ತದೆ, ಮಣ್ಣಿಗೆ ಬೂಷ್ಟು ಹಿಡಿಯುತ್ತದೆ. ಸ್ಪ್ರೇ ಬಾಟಲಿ ಕೊಡಿ. ಗೋಡೆಗೆ, ಬೆಕ್ಕಿಗೆ, ಅಕ್ಕನಿಗೆ ಹೊಡೆದ ಮೇಲೆ ಉಳಿದ ನೀರು ರಾಗಿಗೆ ಸರಿಯಾಗಿ ಸಾಕಾಗುತ್ತದೆ. ಕ್ರಿಸ್‌ಮಸ್ ಹೊತ್ತಿಗೆ ಬೆರಳುದ್ದ ಹಸಿರು ಪೈರು ನಿಂತಿರುತ್ತದೆ, ಬಂದವರಿಗೆಲ್ಲ 'ನಾನು ಹಾಕಿದ್ದು' ಅಂತ ಎಳೆದುಕೊಂಡು ಹೋಗಿ ತೋರಿಸುತ್ತಾನೆ.

ಗೊಂಬೆಗಳನ್ನು ಶಿವಾಜಿನಗರದಲ್ಲಿ ತಂದೆವು. ರಸೆಲ್ ಮಾರ್ಕೆಟ್, ಸೇಂಟ್ ಮೇರಿಸ್ ಬೆಸಿಲಿಕಾ ಕಡೆ ಈ ತಿಂಗಳು ನಕ್ಷತ್ರ, ಗೋದಲಿ ಗೊಂಬೆ, ಜಗಮಗ ಕಾಗದ ಎಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ವಾರದ ದಿನ ಬೆಳಿಗ್ಗೆ ಹೋಗಿ. ಶನಿವಾರ ಸಂಜೆ ಆ ರಸ್ತೆಯಲ್ಲಿ ಮಗುವಿಗೆ ಕಾಣುವುದು ಜನರ ಸೊಂಟ ಮಾತ್ರ. ಪ್ಲಾಸ್ಟರ್ ಗೊಂಬೆ ನೋಡಲು ಚಂದ, ಆದರೆ ಬಿದ್ದರೆ ಜೋಸೆಫರ ಕೈ ಹೋಯಿತು ಅಂತಲೇ. ನಮ್ಮದು ಹಗುರ ಫೈಬರಿನದು. ಕುರಿಗಳನ್ನು ಮಕ್ಕಳೇ ಜೇಡಿಮಣ್ಣಿನಲ್ಲಿ ಮಾಡಿದ್ದಾರೆ, ಒಂದು ನೋಡಲು ಆಲೂಗಡ್ಡೆಯ ಹಾಗಿದೆ, ಇರಲಿ ಬಿಡಿ.

ಬಾಲಯೇಸುವನ್ನು 24ರ ರಾತ್ರಿವರೆಗೂ ಇಡುವುದಿಲ್ಲ. ಹುಲ್ಲಿನ ತೊಟ್ಟಿಲು ಖಾಲಿ ಇರುತ್ತದೆ. ನಕ್ಷತ್ರ ನೋಡಿ ಬಾಲಯೇಸುವನ್ನು ಹುಡುಕಿ ಬಂದ ಪೂರ್ವದ ಜೋಯಿಸರು ಮೂವರೂ ತಮ್ಮ ಒಂಟೆಗಳ ಜೊತೆ ಹಾಲ್‌ನ ಇನ್ನೊಂದು ತುದಿಯಲ್ಲಿ, ಟಿವಿ ಪಕ್ಕದಿಂದ ಹೊರಡುತ್ತಾರೆ. ದಿನಾ ಒಂದು ಗೇಣು ಮುಂದೆ. ಶೂ ಸ್ಟ್ಯಾಂಡ್ ದಾಟಿ, ಫ್ರಿಜ್ ಹತ್ತಿರ ತಂಗಿ, ಕುರ್ಚಿ ಕಾಲಿನ ನಡುವೆ ನುಸುಳಿ ಜನವರಿ 6ಕ್ಕೆ, ಅವರದೇ ಹಬ್ಬದ ದಿನ, ಗೋದಲಿ ಮುಟ್ಟುತ್ತಾರೆ. ಯಾರು ಸರಿಸಬೇಕು ಅಂತ ಜಗಳ ಆಗೇ ಆಗುತ್ತದೆ. ಸಮಸಂಖ್ಯೆಯ ತಾರೀಖು ಅಕ್ಕನದು, ಬೆಸಸಂಖ್ಯೆ ತಮ್ಮನದು ಅಂತ ನನ್ನ ಗಂಡ ತೀರ್ಪು ಕೊಟ್ಟರು. 31 ಆದ ಮೇಲೆ 1 ಬಂತು, ಎರಡೂ ಬೆಸ, ಎರಡು ದಿನವೂ ತಮ್ಮನಿಗೇ ಹೋಯಿತು. ದೊಡ್ಡವಳು ಈ ಅನ್ಯಾಯವನ್ನು ಇನ್ನೂ ಮರೆತಿಲ್ಲ. ಕೊನೆಯ ದಿನ 6, ಅದು ಸಮ, ಗೋದಲಿಗೆ ಮುಟ್ಟಿಸುವವಳು ನೀನೇ ಅಂದ ಮೇಲೆ ಸುಮ್ಮನಾದಳು. 'ಮೂರೇ ಜನಾನಾ ಬಂದಿದ್ದು?' ಅಂತ ಅವಳೇ ಒಮ್ಮೆ ಕೇಳಿದಳು. ಮತ್ತಾಯನ ಸುವಾರ್ತೆಯಲ್ಲಿ ಎಷ್ಟು ಜನ ಅಂತ ಹೇಳಿಲ್ಲ. ಚಿನ್ನ, ಧೂಪ, ರಕ್ತಬೋಳ ಅಂತ ಮೂರು ಕಾಣಿಕೆ ಇರುವುದರಿಂದ ಮೂವರು ಅಂತ ರೂಢಿಯಾಗಿದೆ. ಹಾಗೇ ಹೇಳಿದೆ. ಮಾರನೇ ದಿನ ಒಂಟೆಗಳ ಹಿಂದೆ ಡೈನೋಸಾರ್ ಒಂದು ಸೇರಿಕೊಂಡಿತ್ತು.

ಅಡುಗೆ ವಿಷಯಕ್ಕೆ ಬರುತ್ತೇನೆ. ನನ್ನ ಗಂಡನ ಮನೆಯವರು ಮಂಗಳೂರಿನವರು. ಅತ್ತೆಗೆ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳು, ಇಲ್ಲದೆ ಹಬ್ಬವೇ ಇಲ್ಲ. ನೆವ್ರಿ (ಕರ್ಜಿಕಾಯಿಯಂಥದ್ದು), ಕೊಕ್ಕಿಸ್ (ಅಚ್ಚಿನಲ್ಲಿ ಕರಿಯುವ ಹೂವಿನಾಕಾರದ ತಿಂಡಿ), ಕಿಡಿಯೊ, ಚಕ್ಕುಲಿ ಎಲ್ಲ ಆಗಬೇಕು. ಕಿಡಿಯೊ ಅಂದರೆ ನಾವು ಇಲ್ಲಿ ಕಲ್‌ಕಲ್ ಅನ್ನುವುದು. ಮಕ್ಕಳ ಕೈಗೆ ಕೊಡಬಹುದಾದದ್ದು ಇದೊಂದೇ. ಕೊಕ್ಕಿಸ್ ಮಾಡುವಾಗ ಕಾದ ಅಚ್ಚು, ಕಾದ ಎಣ್ಣೆ ಎರಡೂ ಇರುತ್ತವೆ, ಆ ದಿನ ಮಕ್ಕಳನ್ನು ಅಡುಗೆಮನೆಯಿಂದಲ್ಲ, ಮನೆಯಿಂದಲೇ ಹೊರಗೆ ಕಳಿಸುತ್ತೇನೆ.

ಕಲ್‌ಕಲ್‌ಗೆ ಅರ್ಧ ಕೆಜಿ ಮೈದಾ, ಒಂದು ಹಿಡಿ ಸಣ್ಣ ರವೆ, ಪುಡಿ ಸಕ್ಕರೆ, ಸ್ವಲ್ಪ ಬೆಣ್ಣೆ, ಚಿಟಿಕೆ ಉಪ್ಪು, ಗಟ್ಟಿ ತೆಂಗಿನಹಾಲು. ಅತ್ತೆ ಮೊಟ್ಟೆ ಹಾಕುತ್ತಾರೆ. ನಾನು ಬಿಟ್ಟಿದ್ದೇನೆ, ಏಕೆಂದರೆ ನಮ್ಮ ಬಿಲ್ಡಿಂಗಿನಲ್ಲಿ ಅರ್ಧಕ್ಕರ್ಧ ಮನೆಯವರು ಮೊಟ್ಟೆ ತಿನ್ನುವುದಿಲ್ಲ, ಬರೀ ತೆಂಗಿನಹಾಲಲ್ಲೂ ಚೆನ್ನಾಗಿಯೇ ಬರುತ್ತದೆ. ಹಿಟ್ಟನ್ನು ಪೂರಿ ಹಿಟ್ಟಿನ ಹದಕ್ಕೆ ನಾದಿ, ಒದ್ದೆ ಬಟ್ಟೆ ಮುಚ್ಚಿಡಿ. ಗೋಲಿಯಷ್ಟು ಉಂಡೆ ತೆಗೆದು ಫೋರ್ಕಿನ ಬೆನ್ನಿನ ಮೇಲೋ, ಇದಕ್ಕೇ ಅಂತ ತಂದಿಟ್ಟ ಹೊಸ ಬಾಚಣಿಗೆಯ ಮೇಲೋ ಒತ್ತಿ ಸುರುಳಿ ಸುತ್ತಬೇಕು. ಏಳು ವರ್ಷದವರಿಗೆ ಬಾಚಣಿಗೆ ಸಲೀಸು, ಚಿಕ್ಕವರಿಗೆ ಫೋರ್ಕು. ಮಕ್ಕಳು ಸುತ್ತಿದಾಗ ಒಂದು ಕಡಲೆಕಾಳಿನಷ್ಟು, ಒಂದು ನಿಂಬೆಹಣ್ಣಿನಷ್ಟು ಬರುತ್ತದೆ. ಕರಿಯುವ ಮುಂಚೆ ಗಾತ್ರ ನೋಡಿ ಬೇರೆ ಮಾಡಿಕೊಳ್ಳಿ, ಇಲ್ಲದಿದ್ದರೆ ಸಣ್ಣದು ಸೀದು ಹೋಗುವಾಗ ದೊಡ್ಡದು ಒಳಗೆ ಹಸಿ ಇರುತ್ತದೆ. ಅಂಚು ಸರಿಯಾಗಿ ಅಂಟಿದೆಯೇ ನೋಡಿ, ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಹದವಾದ ಉರಿ ಸಾಕು. ಕರಿಯುವುದು ಮಕ್ಕಳು ಮಲಗಿದ ಮೇಲೆ.

ಕೇಕಿಗೆ ಹಣ್ಣು ರಮ್‌ನಲ್ಲಿ ನೆನೆಹಾಕುವುದು ದೊಡ್ಡವರ ಪಾಲಿಗೆ ಮಾತ್ರ. 'ಓವನ್‌ನಲ್ಲಿ ಎಲ್ಲ ಹಾರಿ ಹೋಗುತ್ತೆ ಕಣೇ, ಮಕ್ಕಳಿಗೆ ಏನೂ ಆಗಲ್ಲ' ಅಂತ ಹೇಳುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಪೂರ್ತಿ ಹಾರುವುದಿಲ್ಲ. ಮಕ್ಕಳ ಕೇಕಿಗೆ ಒಣದ್ರಾಕ್ಷಿ, ಖರ್ಜೂರ, ಟೂಟಿ ಫ್ರೂಟಿಯನ್ನು ಕಿತ್ತಳೆ ರಸದಲ್ಲಿ ಸ್ವಲ್ಪ ಹೊತ್ತು ಕುದಿಸಿ ಆರಿಸಿ, ಅವತ್ತೇ ಬೇಯಿಸುತ್ತೇನೆ. ಗೋಡಂಬಿ, ಬಾದಾಮಿ ಇಡಿಯಾಗಿ ಹಾಕುವುದಿಲ್ಲ, ಪುಡಿ ಮಾಡುತ್ತೇನೆ. ಮೂರು ವರ್ಷದವರ ಗಂಟಲಿಗೆ ಇಡೀ ಬಾದಾಮಿ ಅಪಾಯ.

ಅಪಾಯ ಅಂದ ಕೂಡಲೇ ಇನ್ನೊಂದು ಹೇಳಿಬಿಡುತ್ತೇನೆ. ಮಿನುಗುವ ಸಾಂತಾ ಟೋಪಿ, ಹಾಡುವ ಕಾರ್ಡು, ಬೆಳಗುವ ಬ್ಯಾಡ್ಜು ಇವುಗಳೊಳಗೆ ಗುಂಡಿಯಂಥ ಚಪ್ಪಟೆ ಬ್ಯಾಟರಿ ಇರುತ್ತದೆ. ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ವಾಂತಿ ಮಾಡಿಸುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಓಡಬೇಕು. ಸ್ಕ್ರೂ ಇಲ್ಲದ ಮುಚ್ಚಳದ ಆಟಿಕೆ ಯಾರು ಕೊಟ್ಟರೂ ನಮ್ಮ ಮನೆಯಲ್ಲಿ ಬೀರು ಸೇರುತ್ತದೆ.

ರಾತ್ರಿಯ ವಿಷಯ. ಚರ್ಚಿನಿಂದ ಕ್ಯಾರಲ್ ಹಾಡುವವರು ಡೋಲು, ಗಿಟಾರು, ಸಾಂತಾ ಸಮೇತ ಮನೆಮನೆಗೆ ಬರುವುದು ಚಂದವೇ, ಆದರೆ ನಮ್ಮ ಬೀದಿಗೆ ಬರುವಷ್ಟರಲ್ಲಿ ರಾತ್ರಿ ಹನ್ನೊಂದಾಗುತ್ತಿತ್ತು. ಚಿಕ್ಕವನು ಎದ್ದು ಹೌಹಾರಿ, ಮುಖವಾಡದ ಸಾಂತಾನನ್ನು ನೋಡಿ ಬೆಳಗಿನವರೆಗೂ ಅಳು. ಈಗ ಮುಂಚೆಯೇ ಫೋನ್ ಮಾಡಿ, 'ಅಣ್ಣಾ, ಮೊದಲ ಮನೆ ನಮ್ಮದು ಮಾಡ್ಕೊಳ್ಳಿ, ಕಾಫಿ ಇಲ್ಲೇ ಕುಡಿದು ಹೊರಡಿ' ಅಂತ ಹೇಳುತ್ತೇವೆ. ಸಾಂತಾ ಆಗುವ ಹುಡುಗ ಮಕ್ಕಳ ಎದುರೇ ಗಡ್ಡ ಕಟ್ಟಿಕೊಳ್ಳುತ್ತಾನೆ. 'ಮಕ್ಕಳಿಗೆ ಸಾಂತಾ ಇಲ್ಲ ಅಂತ ಗೊತ್ತಾಗಲ್ವಾ?' ಅಂತ ನಾದಿನಿ ಕೇಳಿದರು. ಗೊತ್ತಾಗಲಿ ಬಿಡಿ. ಮೈರಾ ಅನ್ನುವ ಊರಲ್ಲಿ, ಈಗ ಅದು ಟರ್ಕಿಯಲ್ಲಿದೆ, 4ನೇ ಶತಮಾನದಲ್ಲಿ ನಿಕೋಲಸ್ ಅಂತ ಒಬ್ಬ ಬಿಷಪ್ ಇದ್ದರು, ಬಡವರಿಗೆ ಗುಟ್ಟಾಗಿ ಕೊಡುತ್ತಿದ್ದರು ಅಂತ ಕಥೆ ಹೇಳುತ್ತೇವೆ. ಅವರ ಹಬ್ಬ ಡಿಸೆಂಬರ್ 6ಕ್ಕೆ. ಅವತ್ತು ಶೂ ಒಳಗೆ ಚಾಕೊಲೇಟ್ ಕಾಸು ಬೀಳುತ್ತದೆ. ಹಾಕಿದ್ದು ಯಾರು ಅಂತ ಇಬ್ಬರಿಗೂ ಗೊತ್ತು, ಖುಷಿ ಏನೂ ಕಡಿಮೆ ಆಗಿಲ್ಲ.

24ರ ನಡುರಾತ್ರಿ ಪೂಜೆ ಬಿಟ್ಟುಬಿಟ್ಟೆವು. ಅಮ್ಮನಿಗೆ ಮೊದಲು ಬೇಜಾರಾಯಿತು. ಈಗ ಹಲವು ಚರ್ಚುಗಳಲ್ಲಿ ಅವತ್ತು ಸಂಜೆಯೇ ಒಂದು ಬಲಿಪೂಜೆ (ಮಾಸ್) ಇರುತ್ತದೆ, ಮಕ್ಕಳಿರುವವರು ಅದಕ್ಕೆ ಹೋಗುವುದೇ ವಾಸಿ. ಸ್ವೆಟರ್, ಕುಲಾವಿ ಹಾಕಿ, ಊಟ ಮಾಡಿಸಿಯೇ ಹೊರಡಿ. ಬಂದು ಬಾಲಯೇಸುವನ್ನು ತೊಟ್ಟಿಲಲ್ಲಿ ಮಲಗಿಸಿ, ಒಂಬತ್ತಕ್ಕೆಲ್ಲ ಮಕ್ಕಳು ಹಾಸಿಗೆಯಲ್ಲಿ. ನಾನು, ನನ್ನ ಗಂಡ ಸರದಿ ಹಾಕಿಕೊಂಡಿದ್ದೇವೆ, ಒಂದು ವರ್ಷ ಒಬ್ಬರು ಅಮ್ಮನ ಜೊತೆ ನಡುರಾತ್ರಿ ಪೂಜೆಗೆ, ಇನ್ನೊಬ್ಬರು ಮನೆಯಲ್ಲಿ.

ಬ್ರಿಗೇಡ್ ರೋಡ್, ಚರ್ಚ್ ಸ್ಟ್ರೀಟ್ ದೀಪಗಳನ್ನು ಹಬ್ಬದ ವಾರ ನೋಡಲು ಹೋಗಬೇಡಿ. ಇನ್ನೂ ಜನ ಸೇರುವ ಮುಂಚೆ, ಯಾವುದಾದರೂ ಮಂಗಳವಾರವೋ ಬುಧವಾರವೋ, ಮೆಟ್ರೊದಲ್ಲಿ ಎಂ.ಜಿ. ರೋಡಿಗೆ ಇಳಿದು ಒಂದು ಸುತ್ತು ಹಾಕಿ ಬನ್ನಿ. ಮಕ್ಕಳಿಗೆ ದೀಪಕ್ಕಿಂತ ಮೆಟ್ರೊವೇ ಜಾಸ್ತಿ ಇಷ್ಟ ಆಯಿತು ಅನ್ನುವುದು ಬೇರೆ ಮಾತು.

ಉಡುಗೊರೆಗಳಿಗೆ ಒಂದು ನಿಯಮ ಇದೆ. ಸೋದರಮಾವ, ಚಿಕ್ಕಪ್ಪ, ಅಜ್ಜಿ ಎಲ್ಲರದೂ 25ಕ್ಕೇ ಬಂದು ಬೀಳುತ್ತದೆ. ಅವತ್ತು ಒಂದೇ ಒಂದು ತೆರೆಯುವುದು. ಮಿಕ್ಕದ್ದು ಜೋಯಿಸರ ಹಾದಿಯಲ್ಲಿ, ಎರಡು ಮೂರು ದಿನಕ್ಕೊಂದು. ಕೊಟ್ಟವರಿಗೆ ಅವತ್ತೇ ವೀಡಿಯೊ ಕಾಲ್. 'ನಾನು ಕೊಟ್ಟಿದ್ದು ಇನ್ನೂ ತೆಗೆದಿಲ್ವಾ?' ಅಂತ ನನ್ನ ತಮ್ಮ ಸಿಡುಕಿದ್ದ, ಆದರೆ ಎಲ್ಲರ ಗದ್ದಲದಲ್ಲಿ ಅವನದು ಯಾವುದು ಅಂತಲೇ ಗೊತ್ತಾಗದೆ ಹೋಗುವ ಬದಲು ಅವನ ಆಟಿಕೆಗೇ ಅಂತ ಒಂದು ದಿನ ಸಿಕ್ಕಿತು, ಈಗ ಅವನೇ ಕೇಳುತ್ತಾನೆ, ನನ್ನದು ಯಾವತ್ತು ಅಂತ.

25ರ ಬೆಳಿಗ್ಗೆ ಇಡ್ಲಿ, ಕೋಳಿ ಸಾರು. ಆಮೇಲೆ ತಟ್ಟೆ ಹಂಚುವುದು, ಅದು ಪೂರ್ತಿ ಮಕ್ಕಳದೇ ಜವಾಬ್ದಾರಿ. ಮೊಟ್ಟೆ ಇಲ್ಲದ ತಟ್ಟೆಗಳಿಗೆ ದೊಡ್ಡವಳು ಹಸಿರು ಚುಕ್ಕೆ ಅಂಟಿಸುತ್ತಾಳೆ, ಯಾವ ಮನೆಗೆ ಯಾವುದು ಅಂತ ಅವಳಿಗೆ ಬಾಯಿಪಾಠ. ಕೆಳಗಿನ ಮನೆಯ ಆಂಟಿ ತಟ್ಟೆಯನ್ನು ಎಂದೂ ಖಾಲಿ ವಾಪಸ್ ಕೊಡುವುದಿಲ್ಲ, ಸಕ್ಕರೆಯೋ ಬಾಳೆಹಣ್ಣೋ ಹಾಕಿಯೇ ಕಳಿಸುವುದು. ಜನವರಿಯಲ್ಲಿ ಸಂಕ್ರಾಂತಿಗೆ ಅವರ ಮೊಮ್ಮಗಳು ಎಳ್ಳುಬೆಲ್ಲ ತರುತ್ತಾಳೆ. ಅಷ್ಟು ಹೊತ್ತಿಗೆ ನಮ್ಮ ಗೋದಲಿ ಡಬ್ಬ ಸೇರಿರುತ್ತದೆ. ರಾಗಿ ಪೈರು ಹಳದಿಯಾಗುವ ಮುಂಚೆಯೇ ಬೀದಿ ಹಸುವಿಗೆ ಹಾಕಿಬಿಡಿ, ತಟ್ಟೆಯ ಮಣ್ಣು ತುಳಸಿ ಕುಂಡಕ್ಕೆ ಅಂತ ಅದೇ ಆಂಟಿ ಕೇಳಿ ತೆಗೆದುಕೊಳ್ಳುತ್ತಾರೆ. ದೀಪದ ಸರವನ್ನು ರಟ್ಟಿಗೆ ಸುತ್ತಿಡಿ, ಮುಂದಿನ ಡಿಸೆಂಬರ್‌ನಲ್ಲಿ ಸಿಕ್ಕು ಬಿಡಿಸುತ್ತಾ ಕೂರಲು ನಿಮಗೆ ಪುರುಸೊತ್ತು ಇರುವುದಿಲ್ಲ.