ಗುರುವಿಲ್ಲದೆ ಬೇಸ್ ಗಿಟಾರ್ ಕಲಿತು ಬ್ಯಾಂಡ್ ಸೇರಿದ ನನ್ನ ಅನುಭವ

ನೋಟೇಶನ್ ಓದಲು ಬಾರದವನು ತಯಾರಾಗಿರುವ ಬ್ಯಾಂಡಿಗೆ ಸೇರಿ ಪೂರ್ತಿ ಸೆಟ್ ನುಡಿಸಲಾರ ಎಂದವರು ಬಹಳ ಜನ. ನಾನು ನುಡಿಸಿದೆ. ಸುಮಾರು ಇಪ್ಪತ್ತು ಹಾಡು, ಹೆಚ್ಚುಕಡಿಮೆ ಒಂದೂವರೆ ತಿಂಗಳು, ಎಲ್ಲ ಕಿವಿಯಿಂದಲೇ. ಅನುಮಾನಪಟ್ಟಿದ್ದ ಕೀಬೋರ್ಡ್ ವಾದಕರೇ ಈಗ ಹೊಸ ಹಾಡು ಬಂದರೆ ಮೊದಲು ನನ್ನ ಕಡೆ ತಿರುಗುತ್ತಾರೆ. ತಾವೇ ಕಲಿತು ಬ್ಯಾಂಡ್ ಹುಡುಕುತ್ತಿರುವ ಬೇಸ್ ವಾದಕರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಹಿಡಿದ ದಾರಿ ಟ್ಯಾಬ್, ಅಂದರೆ ಯಾವ ತಂತಿಯ ಯಾವ ಫ್ರೆಟ್ (ಕತ್ತಿನ ಮೇಲಿನ ಮನೆ) ಒತ್ತಬೇಕು ಅಂತ ನಂಬರಿನಲ್ಲಿ ಬರೆದ ಹಾಳೆ. ಅದು ಪೂರ್ತಿ ಕೈಕೊಟ್ಟಿತು. ಟ್ಯಾಬ್ ಇರುವುದು ಮೂಲ ರೆಕಾರ್ಡಿಂಗಿಗೆ. ಬ್ಯಾಂಡ್ ಅದನ್ನು ಹಾಗೇ ಎಲ್ಲಿ ನುಡಿಸುತ್ತದೆ? ಗಾಯಕಿಯ ದನಿಗೆ ಹೊಂದಲಿ ಅಂತ ಸ್ಕೇಲ್ ಇಳಿಸಿರುತ್ತಾರೆ, ಎಲ್ಲೋ ನಾಲ್ಕು ಬಾರ್ (ತಾಳದ ಆವರ್ತ) ಸೇರಿಸಿರುತ್ತಾರೆ, ವೇಗವೂ ಸ್ವಲ್ಪ ಜಾಸ್ತಿ. ಫ್ರೆಟ್ ನಂಬರ್ ಬಾಯಿಪಾಠ ಮಾಡಿಕೊಂಡು ಹೋದರೆ ಎರಡನೇ ಸಾಲಿಗೇ ನಿಲ್ಲಬೇಕಾಗುತ್ತದೆ. ಆಮೇಲೆ ಹೆಡ್‌ಫೋನ್ ಹಾಕಿ ಮೂಲ ಹಾಡಿನ ಜೊತೆ ನುಡಿಸಿದೆ. ಅದೂ ಅಷ್ಟಕ್ಕಷ್ಟೆ. ರೆಕಾರ್ಡಿಂಗಿನ ಡ್ರಮ್ಮರ್ ನಮ್ಮನ್ನು ಕೇಳಿಸಿಕೊಳ್ಳುವುದಿಲ್ಲ. ನಮ್ಮ ಡ್ರಮ್ಮರ್ ಪಲ್ಲವಿ ಬಂದರೆ ಎರಡು-ಮೂರು ಬಿಪಿಎಂ (ನಿಮಿಷಕ್ಕೆ ಬೀಳುವ ಬೀಟ್) ಮೇಲೆ ಹೋಗುತ್ತಾರೆ. ಬೇಸ್ ಅವರ ಜೊತೆಗೇ ಹೋಗಬೇಕು, ಅಲ್ವಾ?

ಗೆದ್ದದ್ದು ಮೂರನೇ ದಾರಿ: ಬ್ಯಾಂಡಿನದೇ ರಿಹರ್ಸಲ್ ರೆಕಾರ್ಡಿಂಗ್. ಬೇಸ್ ಇಲ್ಲದೆ ಅವರು ಅಭ್ಯಾಸ ಮಾಡುವುದನ್ನು ಫೋನಿನಲ್ಲಿ ಹಿಡಿದು ಕೊಡಿ ಅಂತ ಕೇಳಿದೆ. ಫೋನ್ ಮೈಕಿಗೆ ಕೆಳಗಿನ ದನಿ ಸರಿಯಾಗಿ ಸಿಗುವುದಿಲ್ಲ. ಹಾಗಾಗಿ ಡ್ರಮ್ಸ್ ಹತ್ತಿರ, ಮೊಣಕಾಲೆತ್ತರದಲ್ಲಿ ಇಡಿಸಿದೆ. ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಎಲ್ಲಿ ಬೀಳುತ್ತದೆ ಅಂತ ಗೊತ್ತಾದರೆ ಸಾಕು, ಅರ್ಧ ಬೇಸ್ ಲೈನ್ ಅಲ್ಲೇ ಸಿಕ್ಕಿತು.

ವಾದ್ಯ ಮುಟ್ಟುವ ಮೊದಲು ಬೇಸ್ ಲೈನನ್ನು ಬಾಯಲ್ಲಿ ಹಾಡುತ್ತಿದ್ದೆ. ಹಾಡಲು ಬರದ ಸಾಲು ನುಡಿಸಲೂ ಬರುವುದಿಲ್ಲ. ಇದನ್ನು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಬರೆದುಕೊಂಡದ್ದು ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ನಂಬರ್ ಮಾತ್ರ, ಅಂದರೆ ಸ್ಕೇಲಿನಲ್ಲಿ ಅದು ಎಷ್ಟನೆಯದು ಅಂತ: 1, 4, 5, 6 ಹೀಗೆ. ಅಮೆರಿಕದ ನ್ಯಾಶ್‌ವಿಲ್ ಸ್ಟುಡಿಯೋಗಳಲ್ಲಿ 1950ರ ದಶಕದ ಕೊನೆಯಿಂದ ನಡೆದುಬಂದ ಪದ್ಧತಿ ಇದು. ಒಂದು ಸಂಜೆ ಗಾಯಕಿಯ ಗಂಟಲು ಕಟ್ಟಿ, ಇ ಸ್ಕೇಲಿನ ಹಾಡನ್ನು ಡಿ-ಗೆ ಇಳಿಸಬೇಕಾಯಿತು. ಗಿಟಾರಿನ ಕತ್ತಿಗೆ ಹಾಕುವ ಕ್ಲಿಪ್, ಅಂದರೆ ಕ್ಯಾಪೊ, ಸ್ಕೇಲನ್ನು ಏರಿಸುತ್ತದೆ, ಇಳಿಸುವುದಿಲ್ಲ. ಹಾಗಾಗಿ ಗಿಟಾರಿಸ್ಟ್ ಕೈ ಹೊಂದಿಸಿಕೊಳ್ಳಲು ಹೊತ್ತು ಹಿಡಿಯಿತು. ನನಗೆ ನಂಬರ್‌ಗಳು ಅವೇ. ಒಂದೇ ತೊಡಕು ಎಂದರೆ ನಾಲ್ಕು ತಂತಿಯ ಬೇಸಿನಲ್ಲಿ ಕೆಳಗಿನ ಇ, ಅಂದರೆ ಸುಮಾರು 41 ಹರ್ಟ್ಸ್, ಅಲ್ಲಿಗೇ ಮುಗಿಯುತ್ತದೆ. ಹಾಗಾಗಿ ರೂಟನ್ನು, ಅಂದರೆ ಕಾರ್ಡಿನ ಮೂಲ ಸ್ವರ ಡಿ-ಯನ್ನು, ಎ ತಂತಿಯ ಐದನೇ ಫ್ರೆಟ್ಟಿಗೆ ಏರಿಸಿ ನುಡಿಸಿದೆ. ಹಾಡು ಒಂದು ಸಲವೂ ನಿಲ್ಲಲಿಲ್ಲ.

ಸಮ ವೇಗದಲ್ಲಿ ಕ್ಲಿಕ್ ಅನ್ನುತ್ತ ತಾಳ ಕೊಡುವ ಮೆಟ್ರೊನೋಮ್ ವಿಷಯ ಎಲ್ಲರಿಗೂ ಗೊತ್ತು. ನಾನು ಮಾಡಿದ ಬದಲಾವಣೆ ಇಷ್ಟೆ: ಕ್ಲಿಕ್ ಎರಡನೇ ಮತ್ತು ನಾಲ್ಕನೇ ಬೀಟಿಗೆ ಮಾತ್ರ. ಅದು ಕೂತ ಮೇಲೆ ಬಾರಿಗೊಂದು ಕ್ಲಿಕ್. ಕೊನೆಗೆ ಎರಡು ಬಾರ್ ಕ್ಲಿಕ್, ಎರಡು ಬಾರ್ ಮೌನ. ಮೌನದ ನಂತರ ಕ್ಲಿಕ್ ನಿಮ್ಮ ನೋಟಿನ ಮೇಲೇ ಬಿದ್ದರೆ ಗೆದ್ದಿರಿ. ವೇಗದ ಹಾಡುಗಳಲ್ಲಿ ಇದು ಸುಲಭ. 60-65 ಬಿಪಿಎಂಗೆ ಇಳಿದಾಗ ನಿಜವಾದ ಕಷ್ಟ ಶುರು. ಮೊದಲ ಎರಡು ವಾರ ನಾನು ಪ್ರತಿ ಸಲವೂ ಮುಂದೆ ಓಡಿದೆ.

ದುಡ್ಡು ಹೋದದ್ದು ಸದ್ದಿನ ಹಿಂದೆ. ಮನೆಯಲ್ಲಿ ಸಣ್ಣ ವಾಲ್ಯೂಮಿನಲ್ಲಿ ತುಂಬಿಕೊಂಡು ಕೇಳುತ್ತಿದ್ದ ಟೋನ್ ರಿಹರ್ಸಲ್ ಕೋಣೆಯಲ್ಲಿ ಬರೀ ಗುಂಯ್ ಅನ್ನುತ್ತಿತ್ತು. ಅದಕ್ಕೆ ಅಂತ ಎರಡು ಪೆಡಲ್ ಕೊಂಡೆ: ಸದ್ದಿನ ಏರಿಳಿತ ತಗ್ಗಿಸುವ ಕಂಪ್ರೆಸರ್, ಟೋನ್ ತಿದ್ದುವ ಪ್ರೀಆಂಪ್. ಎರಡನ್ನೂ ಹೆಚ್ಚುಕಡಿಮೆ ಅರ್ಧ ಬೆಲೆಗೆ ಮಾರಿದೆ. ಕಡಿಮೆ ವಾಲ್ಯೂಮಿನಲ್ಲಿ ಕಿವಿಗೆ ಬೇಸ್, ಅಂದರೆ ಕೆಳಗಿನ ದನಿ, ಕಡಿಮೆ ಕೇಳುತ್ತದೆ ಅಂತ ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ತೋರಿಸಿದ್ದರು. ಮನೆಯಲ್ಲಿ ಏರಿಸಿದ ಬೇಸ್ ನಾಬ್ ಕೋಣೆಯಲ್ಲಿ ಉಳಿದ ವಾದ್ಯಗಳನ್ನು ಮುಚ್ಚುತ್ತಿತ್ತು. ಬೇಸ್ ಇಳಿಸಿ 500ರಿಂದ 800 ಹರ್ಟ್ಸ್ ಆಸುಪಾಸಿನ ಮಿಡ್ (ನಡುವಿನ ದನಿ) ಸ್ವಲ್ಪ ಏರಿಸಿದೆ. ನನ್ನ ಹಳೇ ಆಂಪ್ ತಾನಾಗಿಯೇ ಕೇಳಿಸತೊಡಗಿತು. ಖರ್ಚು ಸೊನ್ನೆ.

ಬಲಗೈ ಬಗ್ಗೆಯೂ ಟೀಕೆ ಬಂತು, ಎರಡು ಬೆರಳು ಸಮವಾಗಿ ಓಡುವುದಿಲ್ಲ ಅಂತ. ಅಮೆರಿಕದ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ತೋರುಬೆರಳು ಒಂದರಲ್ಲೇ ಮೋಟೌನ್ ಕಂಪನಿಯ ಹಾಡುಗಳನ್ನು ನುಡಿಸಿದವರು. ಬೆರಳಿನ ಲೆಕ್ಕಕ್ಕಿಂತ ನೋಟ್ ಎಲ್ಲಿ ನಿಲ್ಲುತ್ತದೆ ಅನ್ನುವುದು ಮುಖ್ಯ. ತಂತಿ ಮ್ಯೂಟ್ ಮಾಡಲು, ಅಂದರೆ ದನಿ ನಿಲ್ಲಿಸಲು, ಅಂಗೈಯನ್ನು ನಾನು ಇಡುವ ಒಂದು ರೀತಿ ಇದೆ. ಡ್ರಮ್ಮರಿಗೆ ತುಂಬ ಇಷ್ಟ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ, ನಿಲ್ಲುವ ಜಾಗದ್ದು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಅಂದರೆ ಮೀಟರಿಗೆ ಮೂರು ಮಿಲಿಸೆಕೆಂಡ್ ತಡ. ಕೋಣೆಯ ಆಚೆ ತುದಿಯಲ್ಲಿ, ಆರು ಮೀಟರ್ ದೂರ ನಿಂತಾಗ ಡ್ರಮ್ಸ್ ನನಗೆ ಹದಿನೆಂಟು ಮಿಲಿಸೆಕೆಂಡ್ ತಡವಾಗಿ ಕೇಳುತ್ತಿತ್ತು. ಡ್ರಮ್ಸಿನ ಹೈ-ಹ್ಯಾಟ್ (ಜೋಡಿ ತಾಳದ ತಟ್ಟೆ) ಪಕ್ಕಕ್ಕೆ ಬಂದು ನಿಂತೆ. ಏನು ಬದಲಾಯಿಸಿದೆ ಅಂತ ಹೇಳದೆಯೇ ಡ್ರಮ್ಮರ್ 'ಇವತ್ತು ಬಿಗಿಯಾಗಿದೆ' ಅಂದರು.

ಆದರೆ ಅಲ್ಲಿ ಸದ್ದು ಜೋರು. ಕೆಲಸದ ಜಾಗದ ಆರೋಗ್ಯ-ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಎಂಟು ಗಂಟೆ ಕೇಳಬಹುದು, 100 ಆದರೆ ಹದಿನೈದೇ ನಿಮಿಷ. ಫೋಮ್ ಇಯರ್‌ಪ್ಲಗ್ ಹಾಕಿದೆ, ಸಿಂಬಲ್ ಮಾಯವಾಯಿತು. ಎಲ್ಲ ದನಿಯನ್ನೂ ಹೆಚ್ಚುಕಡಿಮೆ ಸಮವಾಗಿ ತಗ್ಗಿಸುವ, ಸಂಗೀತಗಾರರಿಗೆಂದೇ ಮಾಡಿದ ಪ್ಲಗ್ ಕೊಂಡೆ. ಪೆಡಲ್ ಮಾರಿದ ದುಡ್ಡಿನ ಒಂದು ಪಾಲು ಸಾಕಾಯಿತು. ಈ ಎಲ್ಲ ಖರೀದಿಯಲ್ಲಿ ನಾನು ಮತ್ತೆ ಕೊಳ್ಳುವುದು ಇದೊಂದನ್ನೇ.

ಈಗ ನುಡಿಸುತ್ತಲೇ ಎರಡನೇ ದನಿ ಹಾಡುವುದನ್ನು ಶುರು ಮಾಡಿದ್ದೇನೆ. ಬೇಸ್ ಲೈನ್ ನುಡಿಸುತ್ತ ಪಕ್ಕದವರ ಜೊತೆ ಮಾತಾಡಿ ನೋಡುತ್ತೇನೆ. ಮಾತು ತಡೆಯದಿದ್ದರೆ ಮಾತ್ರ ಹಾಡು ಸೇರಿಸುತ್ತೇನೆ. ನೇರ ತಾಳದ ಒಂದೆರಡು ಹಾಡು ಕೂತಿವೆ. ಸಿಂಕೊಪೇಶನ್ (ಒತ್ತು ಬೀಟಿನ ನಡುವೆ ಬೀಳುವುದು) ಇರುವ ಕಡೆ ಯಾವ ಅಕ್ಷರ ಯಾವ ನೋಟಿನ ಮೇಲೆ ಬೀಳುತ್ತದೆ ಅಂತ ಬರೆದುಕೊಂಡೇ ಮುಂದೆ ಹೋಗುತ್ತಿದ್ದೇನೆ, 70 ಬಿಪಿಎಂನಿಂದ ಶುರು ಮಾಡಿ.